ದೋಣಿ ಮೊದಲೋ, ಕಟ್ಟುವ ಜಾಗ ಮೊದಲೋ? ಬಾತ್ ಹತ್ತಿರ ಮರೀನಾ ಹುಡುಕುತ್ತಿದ್ದೇನೆ

ಬಿಸಿಲೂರ ಹುಡುಗ:

ಎಲ್ಲರಿಗೂ ನಮಸ್ಕಾರ. ನಾನು ಕಲಬುರಗಿಯವನು, ಜೇವರ್ಗಿ ರಸ್ತೆ ಕಡೆ ಮನೆ. ಮೂರು ವರ್ಷದಿಂದ ಇಂಗ್ಲೆಂಡಿನ ಬಾತ್ ಊರಿನ ಆಸ್ಪತ್ರೆಯೊಂದರಲ್ಲಿ ಸ್ಟಾಫ್ ನರ್ಸ್ ಆಗಿದ್ದೇನೆ. ಈಗ ಒಂದು ತಿಂಗಳ ರಜೆಗೆ ಊರಿಗೆ ಬಂದಿದ್ದೇನೆ. ಹೊರಗೆ 43 ಡಿಗ್ರಿ ಬಿಸಿಲು, ಮಧ್ಯಾಹ್ನ ಕರೆಂಟ್ ಬೇರೆ ಇಲ್ಲ, ನಾನು ಒಳಗೆ ಕೂತು ನೀರಿನ ಮೇಲೆ ಮನೆ ಮಾಡುವ ಲೆಕ್ಕ ಹಾಕುತ್ತಿದ್ದೇನೆ. ನಗಬೇಡಿ.

ವಿಷಯ ಇಷ್ಟೇ. ಬಾತ್‌ನಲ್ಲಿ ಬಾಡಿಗೆ ಕೊಟ್ಟು ಕೊಟ್ಟು ಸಾಕಾಗಿದೆ. ಒಂದು ಕೋಣೆ, ಅದರ ಜೊತೆ ಹಂಚಿಕೊಳ್ಳುವ ಅಡುಗೆಮನೆ, ಅಲ್ಲಿ ನಾನು ಒಗ್ಗರಣೆ ಹಾಕಿದರೆ ಪಕ್ಕದ ಕೋಣೆಯವನು ಕಿಟಕಿ ತೆಗೆಯುತ್ತಾನೆ. ನಮ್ಮ ವಾರ್ಡಿನಲ್ಲಿ ಕೆಲಸ ಮಾಡುವ ಒಬ್ಬರು ಕೆನೆಟ್ ಅಂಡ್ ಏವನ್ ಕಾಲುವೆಯಲ್ಲಿ ನ್ಯಾರೋಬೋಟ್‌ನಲ್ಲಿ ಇರುತ್ತಾರೆ. ಒಂದು ಭಾನುವಾರ ಚಹಾಕ್ಕೆ ಕರೆದಿದ್ದರು. ಅಗಲ ಏಳು ಅಡಿನೂ ಇಲ್ಲ, ಉದ್ದ ಮಾತ್ರ ರೈಲ್ವೆ ಬೋಗಿ ಹಾಗೆ. ಒಳಗೆ ಕಬ್ಬಿಣದ ಒಲೆ, ಮಂಚ, ಪುಸ್ತಕ, ಕಿಟಕಿ ಆಚೆ ಬಾತುಕೋಳಿ. ಅವತ್ತಿಂದ ತಲೆಯಲ್ಲಿ ಅದೇ ಓಡುತ್ತಿದೆ.

ಈಗ ಒಂದು 50 ಅಡಿಯ ದೋಣಿ ಮಾರಾಟಕ್ಕಿದೆ. ಮೂರು ವರ್ಷದ ಉಳಿತಾಯ, ಇಲ್ಲಿ ಎತ್ತಿದ ಚೀಟಿ ದುಡ್ಡು ಎರಡೂ ಸೇರಿಸಿದರೆ ಆಗುತ್ತದೆ. ಜಾಹೀರಾತಿನಲ್ಲಿ 'ಮೂರಿಂಗ್ (ದೋಣಿ ಕಟ್ಟುವ ಜಾಗ) ಮುಂದುವರಿಸಬಹುದು' ಅಂತಿದೆ. ನನ್ನ ಪ್ರಶ್ನೆ ಏನೆಂದರೆ, ವರ್ಷಪೂರ್ತಿ ಅದರಲ್ಲೇ ಇದ್ದು ಡ್ಯೂಟಿಗೆ ಹೋಗಿ ಬರಲು ಒಪ್ಪುವ ಮರೀನಾ, ಅಂದರೆ ದುಡ್ಡು ಕೊಟ್ಟು ದೋಣಿ ನಿಲ್ಲಿಸುವ ತಾಣ, ಹುಡುಕುವುದು ಹೇಗೆ? ನನ್ನದು ಹನ್ನೆರಡೂವರೆ ಗಂಟೆಯ ಶಿಫ್ಟ್, ವಾರ ಬಿಟ್ಟು ವಾರ ರಾತ್ರಿ ಪಾಳಿ. ವೀಸಾಗೆ ವಿಳಾಸ ಬೇರೆ ಬೇಕು. ಅನುಭವ ಇದ್ದವರು ಹೇಳಿ.

ಅವ್ವನಿಗೆ ಇನ್ನೂ ಪೂರ್ತಿ ಹೇಳಿಲ್ಲ.

ಬಿದ್ರಿ ಬೆಳ್ಳಿ:

ನಾನು ಬೀದರ್‌ನವನು. ನಾಲ್ಕು ವರ್ಷ ಅದೇ ಕಾಲುವೆಯಲ್ಲಿ ಇದ್ದು ಬಂದವನು, ಆದ್ದರಿಂದ ಸ್ವಲ್ಪ ಉದ್ದ ಬರೆಯುತ್ತೇನೆ, ಓದಿ.

ಮೊದಲ ಮಾತು, ಆ ದೋಣಿಗೆ ಇವತ್ತೇ ಅಡ್ವಾನ್ಸ್ ಕಳಿಸಬೇಡಿ. ನಿಮ್ಮ ಆ 'ಮುಂದುವರಿಸಬಹುದು' ಅನ್ನೋ ಪದ ನೋಡಿಯೇ ನನಗೆ ಎದೆ ಧಸಕ್ಕೆಂದಿತು. ನನಗೆ ದೋಣಿ ಮಾರಿದ ದಲ್ಲಾಳಿ ಸಹ ಹೀಗೇ ಅಂದಿದ್ದ, 'ಜಾಗ ದೋಣಿ ಜೊತೆಗೇ ಬರುತ್ತೆ' ಅಂತ. ದುಡ್ಡು ಕೊಟ್ಟೆ, ಕಾಗದ ಆಯಿತು, ಖುಷಿಯಾಗಿ ಮರೀನಾ ಆಫೀಸಿಗೆ ಹೋದೆ. ಅಲ್ಲಿ ಕೂತಿದ್ದ ಹೆಂಗಸು ಬಹಳ ಮರ್ಯಾದೆಯಿಂದಲೇ ಒಂದು ಹಾಳೆ ತೋರಿಸಿದಳು. ಒಪ್ಪಂದ ಇರೋದು ವ್ಯಕ್ತಿಯ ಹೆಸರಲ್ಲಿ, ದೋಣಿಯ ಹೆಸರಲ್ಲಿ ಅಲ್ಲ. ಹಳೆ ಮಾಲೀಕ ಹೋದ ಅಂದರೆ ಜಾಗವೂ ಹೋಯಿತು, ಕಾಯುವವರ ಪಟ್ಟಿಯಲ್ಲಿ ಮುಂದಿನವರಿಗೆ ಸೇರಿತು. ನನಗೆ ಖಾಲಿ ಮಾಡಲು ಎರಡು ವಾರ ಕೊಟ್ಟರು. ಕೈಯಲ್ಲಿ 17 ಟನ್ ಕಬ್ಬಿಣ, ಇಡೋಕೆ ಜಾಗ ಇಲ್ಲ.

ಹಾಗಾಗಿ ಮೊದಲು ಜಾಗ, ಆಮೇಲೆ ದೋಣಿ. ಮರೀನಾಗೆ ನೀವೇ ಫೋನ್ ಮಾಡಿ, ದೋಣಿ ಇನ್ನೂ ಕೊಂಡಿಲ್ಲ, ಇಷ್ಟು ಉದ್ದದ್ದು ನೋಡುತ್ತಿದ್ದೇನೆ ಅಂತ ಹೇಳಿ. ಅವರು ಹಣ ಲೆಕ್ಕ ಹಾಕುವುದೇ ಉದ್ದದ ಮೇಲೆ, ಅಡಿಗಿಷ್ಟು ಅಂತ. 50 ಅಡಿಯ ಜಾಗ ಖಾಲಿ ಇಲ್ಲ, 45ರದ್ದು ಇದೆ ಅಂದರೆ ನೀವು ಹುಡುಕುವ ದೋಣಿಯೇ ಬದಲಾಗುತ್ತದೆ, ಅಲ್ವಾ?

ಎರಡನೇದು, 'ಇರಬಹುದಾ' ಅಂತ ಕೇಳಬೇಡಿ. 'ರೆಸಿಡೆನ್ಶಿಯಲ್ ಮೂರಿಂಗ್ ಇದೆಯಾ' ಅಂತಲೇ ಕೇಳಿ. ಎರಡಕ್ಕೂ ಅಜಗಜಾಂತರ. ಹೆಚ್ಚಿನ ಮರೀನಾಗಳಲ್ಲಿ ಇರೋದು ಲೀಜರ್ ಮೂರಿಂಗ್, ಅಂದರೆ ದೋಣಿ ಕಟ್ಟಿಡಿ, ವಾರಾಂತ್ಯಕ್ಕೆ ಬಂದು ಮಲಗಿ, ಅಷ್ಟೇ. ಅಲ್ಲಿಯ ಜಾಗಕ್ಕೆ ಕೌನ್ಸಿಲ್‌ನಿಂದ (ಸ್ಥಳೀಯ ಆಡಳಿತದಿಂದ) ವಾಸದ ಪ್ಲಾನಿಂಗ್ ಪರ್ಮಿಷನ್ ಇಲ್ಲದಿದ್ದರೆ ಮರೀನಾ ಮಾಲೀಕ ಎಷ್ಟೇ ಒಳ್ಳೆಯವನಾದರೂ ಕಾಗದದ ಮೇಲೆ ನಿಮಗೆ ಮನೆ ಕೊಡಲಾರ. ಬಹಳ ಜನ ಲೀಜರ್ ತಗೊಂಡು ಸುಮ್ನೆ ಇದ್ದುಬಿಡುತ್ತಾರೆ, ಯಾರೂ ಕೇಳುವುದಿಲ್ಲ, ಕೇಳಿದ ದಿನ ಎತ್ತಂಗಡಿ. ಅಲ್ಲಿಯ ಪ್ರಜೆಗಳಾದರೆ ಆ ಜೂಜು ಆಡಬಹುದು. ನಿಮ್ಮದು ಸ್ಪಾನ್ಸರ್ ವೀಸಾ. ನೀವು ಎಲ್ಲಿದ್ದೀರಿ ಅನ್ನೋದು ಆಸ್ಪತ್ರೆಯವರಿಗೂ ಗೊತ್ತಿರಬೇಕು, ಇ-ವೀಸಾ ಖಾತೆಯಲ್ಲೂ ಸರಿಯಾಗಿರಬೇಕು. ರೆಸಿಡೆನ್ಶಿಯಲ್ ಆದರೆ ಅಂಚೆ ಬರುತ್ತದೆ, ಕೌನ್ಸಿಲ್ ಟ್ಯಾಕ್ಸ್ (ಮನೆ ತೆರಿಗೆ) ಬಿಲ್ ಬರುತ್ತದೆ, ಸಾಮಾನ್ಯವಾಗಿ ಎಲ್ಲಕ್ಕಿಂತ ಕಡಿಮೆ ದರದ ಎ ಬ್ಯಾಂಡ್. ಆ ಬಿಲ್ಲೇ ನಿಮ್ಮ ವಿಳಾಸ. ಟ್ಯಾಕ್ಸ್ ಕಟ್ಟುವುದಕ್ಕೆ ಖುಷಿಪಡುವ ಏಕೈಕ ಜನ ನಾವು ದೋಣಿಯವರು.

ಮೂರನೇ ದಾರಿ ಒಂದಿದೆ, ನಾನು ಒಪ್ಪಿಕೊಂಡದ್ದಲ್ಲ, ನನ್ನ ಮೇಲೆ ಬಿದ್ದದ್ದು. ಜಾಗವೇ ಇಲ್ಲದೆ ತಿರುಗುತ್ತಾ ಇರುವುದು. 1995ರ ಬ್ರಿಟಿಷ್ ವಾಟರ್‌ವೇಸ್ ಕಾನೂನಿನಲ್ಲಿ ಅದಕ್ಕೆ ಅವಕಾಶ ಇದೆ. ಖಾಯಂ ಮೂರಿಂಗ್ ಇಲ್ಲದಿದ್ದರೂ ದೋಣಿಗೆ ಲೈಸೆನ್ಸ್ ಸಿಗುತ್ತದೆ, ಆದರೆ ಒಂದೇ ಜಾಗದಲ್ಲಿ 14 ದಿನಕ್ಕಿಂತ ಜಾಸ್ತಿ ನಿಲ್ಲುವಂತಿಲ್ಲ. ಹಾಗಂತ ಎರಡು ಸೇತುವೆ ನಡುವೆ ಹಿಂದೆ ಮುಂದೆ ಆಡಿದರೆ ಸಾಕು ಅಂದುಕೊಳ್ಳಬೇಡಿ, ಕಾಲುವೆ ನೋಡಿಕೊಳ್ಳುವ ಕೆನಾಲ್ ಅಂಡ್ ರಿವರ್ ಟ್ರಸ್ಟ್‌ನವರು ದೋಣಿ ನಂಬರ್ ಬರೆದುಕೊಂಡು ಹೋಗುತ್ತಾರೆ. 2024ರಿಂದ ಹೀಗೆ ತಿರುಗುವವರ ಲೈಸೆನ್ಸಿಗೆ ಹೆಚ್ಚುವರಿ ಹಣ ಬೇರೆ ಇದೆ. ಬಾತ್‌ನಿಂದ ಬ್ರಾಡ್‌ಫರ್ಡ್-ಆನ್-ಏವನ್‌ವರೆಗಿನ ಭಾಗ ದೋಣಿವಾಸಿಗಳಿಂದ ಕಿಕ್ಕಿರಿದಿದೆ, ಕಾರಣ ಸುಲಭ, ಕಾಲುವೆಗೆ ಹತ್ತಿರ ಫ್ರೆಶ್‌ಫರ್ಡ್, ಏವನ್‌ಕ್ಲಿಫ್ ಅಂತ ಪುಟ್ಟ ರೈಲು ನಿಲ್ದಾಣಗಳಿವೆ, ದಂಡೆ ಮೇಲೆ ಸೈಕಲ್ ಹೊಡೆಯಬಹುದು. ಬ್ರಾಡ್‌ಫರ್ಡ್ ದಾಟಿ ಡಿವೈಜಸ್ ಕಡೆ ಹೋದರೆ ಕೇನ್ ಹಿಲ್, ಸಾಲಾಗಿ 29 ಲಾಕ್‌ಗಳು, ಅಂದರೆ ನೀರು ತುಂಬಿಸಿ ಇಳಿಸಿ ದೋಣಿಯನ್ನು ಎತ್ತುವ ಇಳಿಸುವ ಬಾಗಿಲುಕಟ್ಟೆಗಳು. ಒಂದೊಂದರಲ್ಲೂ ಬಾಗಿಲು ಹಾಕು, ನೀರು ತುಂಬಿಸು, ಬಾಗಿಲು ತೆಗೆ. ಒಬ್ಬನೇ ಆದರೆ ಇಡೀ ದಿನ ಅದಕ್ಕೇ ಹೋಗುತ್ತದೆ. ರಾತ್ರಿ ಪಾಳಿ ಮುಗಿಸಿ ಬಂದು 'ಇವತ್ತು ಹದಿನಾಲ್ಕನೇ ದಿನ' ಅಂತ ನೆನಪಾದಾಗ ಬರುವ ಸಿಟ್ಟಿದೆಯಲ್ಲ, ಅದನ್ನು ನಾಲ್ಕು ತಿಂಗಳು ಅನುಭವಿಸಿದ್ದೇನೆ. ಆಮೇಲೆ ಒಬ್ಬ ರೈತನ ಹೊಲದ ಅಂಚಿಗೆ ಜಾಗ ಸಿಕ್ಕಿತು. ಕರೆಂಟ್ ಇಲ್ಲ, ನಲ್ಲಿ ಇಲ್ಲ, ಹಸುಗಳು ಮಾತ್ರ ಇದ್ದವು. ಮರೀನಾ ಪಟ್ಟಿಯಲ್ಲಿ ನನ್ನ ಸರದಿ ಬಂದದ್ದು ಮರುವರ್ಷ.

ಇಷ್ಟೆಲ್ಲ ಹೇಳಿದ ಮೇಲೂ, ಅಲ್ಲಿಯ ಬೆಳಗು ನೆನಪಾದರೆ ಈಗಲೂ ಹೊಟ್ಟೆಯಲ್ಲಿ ಏನೋ ಆಗುತ್ತದೆ. ಅದು ಬೇರೆ ಮಾತು.

ತೊಗರಿ ಒಗ್ಗರಣೆ:

ಎಲ್ಲಾ ಸರಿ, ಸಂಡಾಸಿನ ಕಥೆ ಯಾರೂ ಹೇಳಲಿಲ್ಲವಲ್ಲ? ನಾನು ಸೇಡಂ ಕಡೆಯವಳು, ದೋಣಿ ಗೀಣಿ ಗೊತ್ತಿಲ್ಲ, ಆದರೆ ತಮ್ಮನ ಮನೆ ಅಂತ ಹೋಗಿ ನಾಲ್ಕು ದಿನ ಇದ್ದು ಬರುವವರಿಗೆ ಮೊದಲು ಕೇಳಬೇಕಾದ ಪ್ರಶ್ನೆ ಅದೇ.

ಬಿದ್ರಿ ಬೆಳ್ಳಿ:

@ತೊಗರಿ ಒಗ್ಗರಣೆ ಅಕ್ಕಾ, ನೂರಕ್ಕೆ ನೂರು ಸರಿಯಾದ ಪ್ರಶ್ನೆ. ಎರಡು ತರಹ. ಒಂದು ಕ್ಯಾಸೆಟ್, ಸೂಟ್‌ಕೇಸ್‌ನಂತಹ ಡಬ್ಬಿ, ತುಂಬಿದಾಗ ನೀವೇ ಕೈಯಲ್ಲಿ ಹಿಡಿದುಕೊಂಡು ಹೋಗಿ ನಿಗದಿ ಜಾಗದಲ್ಲಿ ಸುರಿದು ತೊಳೆಯಬೇಕು. ಇನ್ನೊಂದು ಪಂಪ್-ಔಟ್, ದೊಡ್ಡ ಟ್ಯಾಂಕ್, ದುಡ್ಡು ಕೊಟ್ಟರೆ ಮಷಿನ್ ಎಳೆದುಕೊಳ್ಳುತ್ತದೆ, ಆದರೆ ದೋಣಿ ಆ ಮಷಿನ್ ಹತ್ತಿರ ಹೋಗಬೇಕು. ಜನವರಿಯಲ್ಲಿ ಕಾಲುವೆ ಮೇಲೆ ಮಂಜುಗಡ್ಡೆ ಕಟ್ಟಿದರೆ ದೋಣಿ ಅಲುಗಾಡಲ್ಲ, ಟ್ಯಾಂಕ್ ಮಾತ್ರ ತುಂಬುತ್ತಲೇ ಇರುತ್ತದೆ. ನಾನು ಕ್ಯಾಸೆಟ್ ಪಕ್ಷ. ನಾಚಿಕೆ ಮೂರನೇ ದಿನಕ್ಕೆ ಹೋಗುತ್ತದೆ, ಅಕ್ಕಪಕ್ಕದವರೆಲ್ಲ ಅದೇ ಡಬ್ಬಿ ಹಿಡಿದು ಗುಡ್ ಮಾರ್ನಿಂಗ್ ಹೇಳುತ್ತಿರುತ್ತಾರೆ.

ಮರೀನಾ ನೋಡಲು ಹೋದಾಗ ಆ ಸುರಿಯುವ ಜಾಗ ನಿಮ್ಮ ಪಾಂಟೂನ್‌ನಿಂದ (ದೋಣಿ ಕಟ್ಟುವ ಕಟ್ಟೆಯಿಂದ) ಎಷ್ಟು ಹೆಜ್ಜೆ ಅಂತ ಎಣಿಸಿ. ಮಳೆಯಲ್ಲಿ ಅಷ್ಟು ದೂರ ಹೊತ್ತು ನಡೆಯುತ್ತೀರಿ.

ಬಿಸಿಲೂರ ಹುಡುಗ:

ಬಿದ್ರಿ ಅಣ್ಣಾ, ಕಣ್ಣು ತೆರೆಸಿದಿರಿ. ಆ ದಲ್ಲಾಳಿಗೆ ಮೇಲ್ ಹಾಕಿದೆ, ಮೂರಿಂಗ್ ಬಗ್ಗೆ ಮರೀನಾದವರಿಂದಲೇ ಬರಹದಲ್ಲಿ ಕೊಡಿಸಿ ಅಂತ. ಇನ್ನೂ ಉತ್ತರ ಇಲ್ಲ. ಮೊದಲು ಹತ್ತು ನಿಮಿಷಕ್ಕೆ ಉತ್ತರ ಕೊಡುತ್ತಿದ್ದ ಮನುಷ್ಯ!

ಹಾಗಾದರೆ ಆರು ತಿಂಗಳು ಯಾರದಾದರೂ ದೋಣಿ ಬಾಡಿಗೆಗೆ ಹಿಡಿದು ನೋಡಿದರೆ? ಫೇಸ್‌ಬುಕ್‌ನಲ್ಲಿ ಬಹಳ ಜಾಹೀರಾತು ಕಾಣುತ್ತವೆ.

ಶಹಾಬಾದ್ ಕಲ್ಲು:

ನಾನು ಶಹಾಬಾದ್‌ನವನು, ಸದ್ಯ ಬ್ರಿಸ್ಟಲ್‌ನಲ್ಲಿದ್ದೇನೆ. ನೆಲದ ಮೇಲೆಯೇ, ಭಯಪಡಬೇಡಿ.

ಬಾಡಿಗೆ ವಿಷಯದಲ್ಲಿ ಹುಷಾರ್. ಸ್ವಂತಕ್ಕೆ ಅಂತ ಲೈಸೆನ್ಸ್ ಮಾಡಿಸಿದ ದೋಣಿಯನ್ನು ಬಾಡಿಗೆಗೆ ಕೊಡುವಂತಿಲ್ಲ, ಅದಕ್ಕೆ ಬೇರೆ ಬಿಸಿನೆಸ್ ಲೈಸೆನ್ಸ್ ಬೇಕು, ಇನ್ಶೂರೆನ್ಸ್ ಬೇರೆ ತರಹದ್ದು ಬೇಕು, ಸುರಕ್ಷತಾ ಪರೀಕ್ಷೆ ಇನ್ನೂ ಬಿಗಿ. ಫೇಸ್‌ಬುಕ್‌ನಲ್ಲಿ 'ಆರು ತಿಂಗಳಿಗೆ ಕೊಡುತ್ತೇನೆ' ಅನ್ನುವ ಎಷ್ಟೋ ಜನರ ಹತ್ತಿರ ಇದು ಯಾವುದೂ ಇರಲ್ಲ. ಬೆಂಕಿ ಬಿದ್ದರೆ ನಿಮ್ಮ ಸಾಮಾನು ಹೋಯಿತು ಅಂತಲೇ ಲೆಕ್ಕ. ಲೈಸೆನ್ಸ್ ಕಾಗದ ತೋರಿಸಿ ಅನ್ನಿ, ಅರ್ಧ ಜನ ಅಲ್ಲೇ ಮಾಯವಾಗುತ್ತಾರೆ. ಅದರ ಬದಲು ಜನವರಿಯಲ್ಲಿ ಒಂದು ವಾರ ಪ್ರವಾಸಿಗರಿಗೆ ಕೊಡುವ ದೋಣಿ ತಗೊಳ್ಳಿ. ಜುಲೈಯಲ್ಲಿ ಬೇಡ. ಜುಲೈಯಲ್ಲಿ ಎಲ್ಲರಿಗೂ ಚೆಂದ ಕಾಣುತ್ತದೆ.

ಬ್ರಿಸ್ಟಲ್ ಸಹ ನಿಮ್ಮ ಪಟ್ಟಿಯಲ್ಲಿರಲಿ. ಇಲ್ಲಿಯ ಬಂದರಿಗೆ ಫ್ಲೋಟಿಂಗ್ ಹಾರ್ಬರ್ ಅಂತ ಹೆಸರು. ಬಂದರು ತೇಲುವುದಿಲ್ಲ, ಹಡಗು ತೇಲುತ್ತಲೇ ಇರುತ್ತವೆ ಅಂತ ಆ ಹೆಸರು. ಈ ಕಡಲಲ್ಲಿ ಭರತ ಇಳಿತ ಹದಿಮೂರು ಮೀಟರ್ ಆಸುಪಾಸು, ಮೂರ್ನಾಲ್ಕು ಅಂತಸ್ತಿನ ಮನೆಯಷ್ಟು. ಹಿಂದೆ ನೀರು ಇಳಿದಾಗ ಹಡಗುಗಳೆಲ್ಲ ಕೆಸರಿನಲ್ಲಿ ಮಗುಚಿ ಮಲಗುತ್ತಿದ್ದವಂತೆ. 1809ರಲ್ಲಿ ನದಿಗೇ ಬಾಗಿಲು ಹಾಕಿ ನೀರು ತಡೆದರು. ಈಗ ಅಲ್ಲಿ ಕೌನ್ಸಿಲ್‌ನವರದೇ ಮೂರಿಂಗ್‌ಗಳಿವೆ, ವಾಸಕ್ಕೂ ಇವೆ, ಆದರೆ ಕ್ಯೂ ಉದ್ದ. ಬ್ರಿಸ್ಟಲ್‌ನಿಂದ ಬಾತ್‌ಗೆ ರೈಲಲ್ಲಿ ಕಾಲು ಗಂಟೆ. ಕಲಬುರಗಿಯ ಸೂಪರ್ ಮಾರ್ಕೆಟ್‌ನಿಂದ ಬಸ್ ಸ್ಟ್ಯಾಂಡ್‌ಗೆ ಸಂಜೆ ಹೊತ್ತು ಆಟೋದಲ್ಲಿ ಅದಕ್ಕಿಂತ ಜಾಸ್ತಿ ಹಿಡಿಯುತ್ತದೆ.

ಮತ್ತೆ ಸರ್ವೇ, ಅಂದರೆ ಕೊಳ್ಳುವ ಮುಂಚಿನ ದೋಣಿ ತಪಾಸಣೆ. ದೋಣಿಯನ್ನು ನೀರಿನಿಂದ ಮೇಲೆತ್ತಿಸಿ ತಳದ ದಪ್ಪ ಅಳೆಯಿಸದೆ ಕೊಳ್ಳಬೇಡಿ. ಹೊಸದರಲ್ಲಿ ತಳ 10 ಮಿಲಿಮೀಟರ್, ಪಕ್ಕ 6 ಇರುತ್ತದೆ. ಎಲ್ಲಾದರೂ 4ಕ್ಕಿಂತ ಕೆಳಗೆ ಇಳಿದಿದೆ ಅಂದರೆ ಇನ್ಶೂರೆನ್ಸ್‌ನವರು ಮುಖ ತಿರುಗಿಸುತ್ತಾರೆ. ಎರಡು ಮೂರು ವರ್ಷಕ್ಕೊಮ್ಮೆ ತಳಕ್ಕೆ ತುಕ್ಕು ಹಿಡಿಯದ ಹಾಗೆ ಕಪ್ಪು ಬಣ್ಣ ಬಳಿಸಬೇಕು, ಅದಕ್ಕೂ ಮೇಲೆತ್ತಬೇಕು, ಅದಕ್ಕೂ ದುಡ್ಡು. ನಾಲ್ಕು ವರ್ಷಕ್ಕೊಮ್ಮೆ ಸೇಫ್ಟಿ ಸರ್ಟಿಫಿಕೇಟ್. ಬಾಡಿಗೆ ಉಳಿಯುತ್ತದೆ ಅಂತ ದೋಣಿಗೆ ಹೋಗುವವರು ಈ ಲೆಕ್ಕ ಬರೆದಿಟ್ಟುಕೊಂಡು ಹೋಗಿ. ಉಳಿಯುತ್ತದೆ, ಆದರೆ ನೀವು ಅಂದುಕೊಂಡಷ್ಟಲ್ಲ.

ಕೃಷ್ಣೆ ದಂಡೆ:

ನಾನು ಯಾದಗಿರಿ ಜಿಲ್ಲೆ, ಸುರಪುರ ತಾಲೂಕು. ನಮ್ಮ ಅಜ್ಜ ತಿಂಥಣಿ ಕಡೆ ಹರಿಗೋಲು ಹಾಕುತ್ತಿದ್ದ. ಇಂಗ್ಲೆಂಡ್ ನೋಡಿಲ್ಲ, ಆದರೆ ನೀರು ಎಲ್ಲಾ ಕಡೆ ನೀರೇ, ಆದ್ದರಿಂದ ಒಂದು ಮಾತು.

ನೀವು ಕೇಳುತ್ತಿರುವ ಮರೀನಾ ಕಾಲುವೆ ಮೇಲಿದೆಯಾ, ನದಿ ಮೇಲಿದೆಯಾ? ಇದನ್ನು ಯಾರೂ ಕೇಳಲಿಲ್ಲ. ಕಾಲುವೆ ನೀರು ಸಾಧುಹಸು, ನಿಂತಲ್ಲಿ ನಿಲ್ಲುತ್ತದೆ. ನದಿ ಹಾಗಲ್ಲ. ನಾರಾಯಣಪುರ ಡ್ಯಾಮ್‌ನಿಂದ ಬಿಟ್ಟ ಮೇಲೆ ಇಲ್ಲಿ ಕೃಷ್ಣೆ ಒಂದೇ ರಾತ್ರಿಯಲ್ಲಿ ಏರುವುದನ್ನು ನಾನು ನೋಡಿದ್ದೇನೆ, ನೀಲಕಂಠರಾಯನಗಡ್ಡಿ ಜನ ಒಣಗಿದ ಸೋರೆಬುರುಡೆ ಸೊಂಟಕ್ಕೆ ಕಟ್ಟಿಕೊಂಡು ಈಜಿ ದಾಟುತ್ತಿದ್ದ ಕಾಲ ಅದು. ಅಜ್ಜ ಹರಿಗೋಲನ್ನು ಯಾವತ್ತೂ ಬಿಗಿಯಾಗಿ ಕಟ್ಟುತ್ತಿರಲಿಲ್ಲ. ಹಗ್ಗ ಸಡಿಲ ಬಿಟ್ಟು, ರಾತ್ರಿ ಎದ್ದು ಒಮ್ಮೆ ಕೈಯಲ್ಲಿ ಎಳೆದು ನೋಡುತ್ತಿದ್ದ, ಎಮ್ಮೆ ಹಗ್ಗ ನೋಡಿದ ಹಾಗೆ. ಬಿಗಿ ಕಟ್ಟಿದರೆ ನೀರು ಏರುವಾಗ ದೋಣಿ ಏರಲ್ಲ, ಒಂದು ಪಕ್ಕ ಮುಳುಗುತ್ತದೆ. ನೀರು ಇಳಿಯುವಾಗಲೂ ಅಷ್ಟೇ, ಹಗ್ಗಕ್ಕೆ ನೇತುಬೀಳುತ್ತದೆ.

ಹನ್ನೆರಡು ಗಂಟೆ ಆಸ್ಪತ್ರೆಯಲ್ಲಿ ಇರುವವರು ನೀವು. ಆ ಹೊತ್ತಲ್ಲಿ ಹಗ್ಗ ನೋಡುವವರು ಯಾರು?

ಬಿದ್ರಿ ಬೆಳ್ಳಿ:

@ಕೃಷ್ಣೆ ದಂಡೆ, ಸಾಹೇಬರೇ, ನಾನು ಇಷ್ಟುದ್ದ ಬರೆದು ಇದನ್ನೇ ಬಿಟ್ಟಿದ್ದೆ. ಬಾತ್ ಊರಿನ ಒಳಗೆ ಇರೋದು ಏವನ್ ನದಿ, ಕಾಲುವೆ ಊರಿನಲ್ಲೇ ನದಿಗೆ ಸೇರುತ್ತದೆ. ಅಲ್ಲಿಂದ ಬ್ರಿಸ್ಟಲ್ ಕಡೆಗೆ ಎಲ್ಲಾ ನದಿಯೇ. ಚಳಿಗಾಲದ ಮಳೆಗೆ ಏವನ್ ಉಕ್ಕಿದರೆ ದಿನಗಟ್ಟಲೆ ದೋಣಿ ಬಿಚ್ಚುವಂತಿಲ್ಲ. ನದಿ ಮರೀನಾ ಆದರೆ ತೇಲುವ ಪಾಂಟೂನ್ ಇದೆಯಾ ನೋಡಿ. ಅದು ನೀರಿನ ಜೊತೆಗೇ ಏರಿ ಇಳಿಯುವ ಕಟ್ಟೆ, ಅದಕ್ಕೆ ಕಟ್ಟಿದರೆ ಹಗ್ಗದ ಚಿಂತೆ ಕಡಿಮೆ. ಗಟ್ಟಿ ದಡಕ್ಕೆ ಕಟ್ಟುವುದಾದರೆ ಅಜ್ಜನ ಲೆಕ್ಕ.

ಇನ್ನೊಂದು, ಅಡುಗೆ. ಮರೀನಾದಲ್ಲಿ ದೋಣಿಗೆ ಕೊಡುವ ಕರೆಂಟ್ ಸಾಮಾನ್ಯವಾಗಿ 16 ಆಂಪ್ಸ್. ಅಂದರೆ ಸುಮಾರು ಮೂರೂವರೆ ಕಿಲೋವ್ಯಾಟ್. ಕೆಟಲ್ ಒಂದೇ ಮೂರು ತಿನ್ನುತ್ತದೆ. ಕೆಟಲ್ ಹಾಕಿ, ಹೀಟರ್ ಹಾಕಿದಿರಿ ಅಂದರೆ ಠಪ್, ಕತ್ತಲೆ. ಹೊರಗೆ ಮಳೆಯಲ್ಲಿ ಹೋಗಿ ಪಾಂಟೂನ್ ಮೇಲಿನ ಸ್ವಿಚ್ ಎತ್ತಬೇಕು. ಹಾಗಾಗಿ ಅಡುಗೆಗೆ ಗ್ಯಾಸ್, ಚಳಿಗೆ ಕಲ್ಲಿದ್ದಲಿನ ಒಲೆ.

ಗ್ಯಾಸ್ ಇದೆ ಅಂತ ನಾನು ಮರೀನಾದಲ್ಲಿ ಜಾಗ ಸಿಕ್ಕ ಮೊದಲ ವಾರವೇ ಜೋಳದ ರೊಟ್ಟಿ ಮಾಡಲು ಕೂತೆ. ರಾತ್ರಿ ಪಾಳಿ ಮುಗಿಸಿ ಬಂದಿದ್ದೆ, ಬೆಳಿಗ್ಗೆ ಎಂಟೂವರೆ ಇರಬೇಕು, ಕುದಿ ನೀರು ಹಾಕಿ ಹಿಟ್ಟು ನಾದಿ, ಹಲಗೆ ಮೇಲೆ ಪಟಪಟ ಬಡಿಯುತ್ತಿದ್ದೆ. ಉಕ್ಕಿನ ದೋಣಿ, ಒಳಗೆ ಪೊಳ್ಳು. ಇಡೀ ದೋಣಿ ತಮಟೆ ಬಾರಿಸಿದ ಹಾಗೆ ಮೊಳಗುತ್ತಿದೆ, ನನಗೆ ಪರಿವೆಯೇ ಇಲ್ಲ. ಪಕ್ಕದ ದೋಣಿಯ ಮುದುಕ ನೈಟ್‌ಡ್ರೆಸ್‌ನಲ್ಲೇ ಬಂದು ಕಿಟಕಿ ಬಡಿದ. 'ನಿನ್ನ ಎಂಜಿನ್ ಬೇರಿಂಗ್ ಹೋಗಿದೆ, ಕೂಡಲೇ ಆಫ್ ಮಾಡು' ಅಂದ. ನಾನು ಹಿಟ್ಟಿನ ಕೈ ತೋರಿಸಿದೆ. ಬಿಸಿ ರೊಟ್ಟಿಗೆ ಬೆಣ್ಣೆ, ಶೇಂಗಾ ಚಟ್ನಿ ಹಾಕಿ ಕೊಟ್ಟೆ. ಮರುವಾರದಿಂದ ಅವನೇ ಬಂದು 'ಇವತ್ತು ಬೇರಿಂಗ್ ಇಲ್ವಾ' ಅಂತ ಕೇಳುತ್ತಿದ್ದ. ಆಮೇಲೆ ಹಲಗೆ ಕೆಳಗೆ ಮಡಚಿದ ಟವೆಲ್ ಹಾಕಿಕೊಳ್ಳುವುದು ಕಲಿತೆ.

ಆದರೆ ಆ ರೊಟ್ಟಿ ಆವಿ ಎಲ್ಲಾ ಕಿಟಕಿಗೆ ಕೂತು ನೀರಾಗಿ ಇಳಿಯುತ್ತದೆ, ಹಾಸಿಗೆ ತಳಕ್ಕೆ ಬೂಸ್ಟು ಬರುತ್ತದೆ. ಚಳಿ ಅಂತ ಮೇಲಿನ ಗಾಳಿಕಿಂಡಿ ಮುಚ್ಚಬೇಡಿ, ದಯವಿಟ್ಟು. ಕಲ್ಲಿದ್ದಲು ಒಲೆ, ಗ್ಯಾಸ್ ಒಲೆ ಎರಡೂ ಇರುವ ಡಬ್ಬಿ ಅದು. ಕಾರ್ಬನ್ ಮೊನಾಕ್ಸೈಡ್‌ಗೆ ವಾಸನೆ ಇಲ್ಲ, ನಿದ್ದೆಯಲ್ಲೇ ಕೆಲಸ ಮುಗಿಸುತ್ತದೆ, ನಿಮಗೆ ನರ್ಸ್ ಆಗಿ ನಾನು ಹೇಳಬೇಕಿಲ್ಲ. 2019ರಿಂದ ಅದರ ಅಲಾರಂ ಕಡ್ಡಾಯ. ಕೊಳ್ಳುವ ದೋಣಿಯಲ್ಲಿರುವುದು ಹಳೆಯದಾಗಿದ್ದರೆ ಎಸೆದು ಹೊಸದು ಹಾಕಿ.

ತೊಗರಿ ಒಗ್ಗರಣೆ:

ರೊಟ್ಟಿ ಬಡಿದರೆ ಬೇರಿಂಗ್ ಸದ್ದು! ನಮ್ಮತ್ತೆಗೆ ಓದಿ ಹೇಳಿದೆ, ನಕ್ಕು ನಕ್ಕು ಸಾಕಾದರು.

ತಮ್ಮಾ, ಅವ್ವನಿಗೆ ಹೇಳು. ಆಮೇಲೆ ಬೇರೆಯವರಿಂದ ಗೊತ್ತಾದರೆ ಕಷ್ಟ.

ಬಿಸಿಲೂರ ಹುಡುಗ:

ಎಲ್ಲರಿಗೂ ಒಟ್ಟಿಗೆ ಉತ್ತರ.

ದಲ್ಲಾಳಿ ಇವತ್ತು ಬರೆದ. 'ಮರೀನಾದವರ ಜೊತೆ ನೀವೇ ಮಾತಾಡಿಕೊಳ್ಳಿ' ಅಂತ ಒಂದೇ ಸಾಲು. ಆ ಮರೀನಾಗೆ ವಾಟ್ಸಾಪ್ ಕಾಲ್ ಹೋಗಲ್ಲ, ಚೀಟಿ ದುಡ್ಡಿನಲ್ಲಿ ಐಎಸ್‌ಡಿ ಮಾಡಿದೆ. ಅವರು ಎರಡೇ ನಿಮಿಷದಲ್ಲಿ ಮುಗಿಸಿದರು: ಅಲ್ಲಿರೋದು ಎಲ್ಲಾ ಲೀಜರ್, ಒಪ್ಪಂದ ದೋಣಿ ಜೊತೆ ಹೋಗಲ್ಲ. ಹಾಗಾಗಿ ಆ 50 ಅಡಿ ಕೈಬಿಟ್ಟೆ. ಎರಡು ರಾತ್ರಿ ಬೇಜಾರಾಯಿತು, ಸುಳ್ಳು ಹೇಳಲ್ಲ. ಒಳಗಿನ ಬಣ್ಣ ಯಾವುದು ಬಳಿಸಬೇಕು ಅಂತ ಸಹ ನಿರ್ಧರಿಸಿದ್ದೆ.

ಇನ್ನೂ ಮೂರು ಕಡೆ ಕೇಳಿದೆ. ಎರಡು ಕಡೆ ವಾಸಕ್ಕೆ ಇಲ್ಲ ಅಂದರು. ಮೂರನೆಯದು ಬ್ರಾಡ್‌ಫರ್ಡ್ ಆಚೆ, ಕಾಲುವೆ ಮೇಲೆ, ನದಿ ಅಲ್ಲ. ರೆಸಿಡೆನ್ಶಿಯಲ್ ಇದೆಯಂತೆ, ಪಟ್ಟಿಯಲ್ಲಿ ಹೆಸರು ಬರೆಸಿದೆ, 47 ಅಡಿವರೆಗೆ ಆದರೆ ಬೇಗ ಸಿಗಬಹುದು ಅಂದರು. ಸಂಡಾಸಿನ ಡಬ್ಬಿ ಸುರಿಯುವ ಜಾಗ ಎಷ್ಟು ದೂರ ಅಂತಲೂ ಕೇಳಿದೆ ಅಕ್ಕಾ. ಆ ಕಡೆಯವಳು ಸ್ವಲ್ಪ ಹೊತ್ತು ಸುಮ್ಮನಿದ್ದು, 'ಇದನ್ನು ಕೇಳಿದವರು ನಿಜವಾಗಿ ಇರೋಕೆ ಬರುವವರು' ಅಂದಳು. ಜನವರಿಗೆ ಒಂದು ವಾರದ ದೋಣಿ ಬುಕ್ ಮಾಡುತ್ತೇನೆ.

ಅವ್ವನಿಗೂ ಹೇಳಿದೆ. ಒಲೆ ಮುಂದೆ ಕೂತಿದ್ದಳು, ತಿರುಗಿ ಸಹ ನೋಡಲಿಲ್ಲ. 'ನೀರಾಗ ಮನಿ ಅಂದ್ರ ಕುಡಿಯಾಕ ನೀರು ಎಲ್ಲಿಂದ ತರ್ತಿ?' ಅಂದಳು. ಅದಕ್ಕೆ ಉತ್ತರ ಗೊತ್ತಿರಲಿಲ್ಲ. ಬಿದ್ರಿ ಅಣ್ಣಾ?

ಬಿದ್ರಿ ಬೆಳ್ಳಿ:

ದೋಣಿಯ ಮುಂಭಾಗದಲ್ಲಿ ಟ್ಯಾಂಕ್ ಇರುತ್ತದೆ, ಪಾಂಟೂನ್ ನಲ್ಲಿಯಿಂದ ಪೈಪ್ ಹಾಕಿ ತುಂಬಿಸಬೇಕು. ನನ್ನದು 500 ಲೀಟರ್, ಕಲಬುರಗಿಯಲ್ಲಿ ಬೆಳೆದವನ ಕೈಗೆ ಹದಿನೈದು ದಿನ ಬರುತ್ತದೆ. ಪೈಪ್ ನಿಮ್ಮದೇ ಇರಲಿ, ಉದ್ದದ್ದು. ಚಳಿ ಬೀಳುವ ಮುಂಚೆಯೇ ತುಂಬಿಸಿಕೊಳ್ಳಿ, ನಲ್ಲಿ ಹೆಪ್ಪುಗಟ್ಟುತ್ತದೆ.

ನನ್ನ ಹಳೇ ಮೂರಿಂಗ್ ಒಪ್ಪಂದದ ಹಾಳೆಗಳು ಇನ್ನೂ ಇಲ್ಲೇ ಬೀರುವಿನಲ್ಲಿವೆ. ಎಲ್ಲೆಲ್ಲಿ ಮೋಸ ಹೋದೆ ಅಂತ ಕೆಂಪು ಪೆನ್ನಿನಲ್ಲಿ ಗೆರೆ ಎಳೆದಿದ್ದೇನೆ. ರಜೆ ಮುಗಿಯುವ ಮುಂಚೆ ರೈಲು ಹತ್ತಿ ಬೀದರ್‌ಗೆ ಬನ್ನಿ, ಕೂತು ಓದೋಣ. ಬರುವಾಗ ಅವ್ವನ ಕೈಯಿಂದ ಎರಡು ಕೆಜಿ ಶೇಂಗಾ ಚಟ್ನಿ ಮಾಡಿಸಿಕೊಂಡು ಬನ್ನಿ. ಒಂದು ಕೆಜಿ ನನಗೆ, ಇನ್ನೊಂದು ಅಲ್ಲಿಯ ಆ ಮುದುಕನಿಗೆ. ಅವನು ಈಗಲೂ ನಾನಿದ್ದ ಮರೀನಾದಲ್ಲೇ ಇದ್ದಾನೆ, ಯಾವ ಜಾಗ ಯಾವಾಗ ಖಾಲಿಯಾಗುತ್ತದೆ ಅನ್ನೋದು ಆಫೀಸಿಗಿಂತ ಮೊದಲು ಅವನಿಗೆ ಗೊತ್ತಿರುತ್ತದೆ.